ತೈಲಬಾವಿಯ ತಳದಲ್ಲಿ ಒಂದು ಜೊತೆ ಬಳೆ

ಬೇಸಿಗೆ ರಜೆಗೆ ಊರಿಗೆ ಹೋದಾಗ ಈ ದೃಶ್ಯವನ್ನು ನೀವೂ ನೋಡಿಯೇ ಇರುತ್ತೀರಿ. ತೋಟದ ಕೊಳವೆಬಾವಿಯ ಪಂಪು ಕೆಟ್ಟಿದೆ. ಮೂರು ಕಾಲಿನ ಕಂಬ ನೆಟ್ಟು, ರಾಟೆ ಕಟ್ಟಿ, ನಾಲ್ಕಾರು ಜನ ಪೈಪುಗಳನ್ನು ಒಂದೊಂದಾಗಿ ಮೇಲೆಳೆಯುತ್ತಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಕೆಸರು ಮೆತ್ತಿದ ಪಂಪು ಹೊರಗೆ ಬರುತ್ತದೆ. ಮೆಕ್ಯಾನಿಕ್ ದಂಡದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತಾನೆ. ಟಕ್ ಟಕ್ ಎಂದು ಸದ್ದಾಗುತ್ತದೆ. "ಬುಷ್ ಹೋಗಿದೆ ಸ್ವಾಮಿ, ಮೋಟರೂ ಸುಟ್ಟಿರಬೇಕು" ಎಂದು ತೀರ್ಪು ಕೊಡುತ್ತಾನೆ.

ನಾವು ತಲೆಯ ಮೇಲೆ ಕೈಹೊತ್ತು ಕೇಳುವುದು ಮೋಟರಿನ ವಿಷಯ ಮಾತ್ರ. ಅದು ದುಬಾರಿ ವಸ್ತು ನೋಡಿ. ಬುಷ್ಷಿನ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ. ಆದರೆ ಅವನು ಹೇಳಿದ ಎರಡು ಮಾತುಗಳಲ್ಲಿ ಮೊದಲನೆಯದೇ ಕಾರಣ, ಎರಡನೆಯದು ಅದರ ಪರಿಣಾಮ. ಪಂಪುಗಳ ರಿಪೇರಿಯಲ್ಲಿ ಬಹಳ ವರ್ಷ ಕಳೆದ ನನಗೆ ಇದು ತಡವಾಗಿ ಹೊಳೆಯಿತು. ಅದೂ ಊರಿನ ಕೊಳವೆಬಾವಿಯಿಂದಲ್ಲ, ನೆಲದಡಿ ಸುಮಾರು ಎರಡು ಕಿಲೋಮೀಟರು ಆಳದಲ್ಲಿ ಓಡುತ್ತಿದ್ದ ಒಂದು ತೈಲಬಾವಿಯ ಪಂಪಿನಿಂದ.

ತೈಲಬಾವಿಗೆ ಪಂಪು ಏಕೆ ಎಂದು ನೀವು ಕೇಳಬಹುದು. ಸಿನಿಮಾದಲ್ಲಿ ಕೊರೆದ ತಕ್ಷಣ ಎಣ್ಣೆ ಕಾರಂಜಿಯಂತೆ ಚಿಮ್ಮುತ್ತದಲ್ಲ! ಕೆಲವು ಬಾವಿಗಳಲ್ಲಿ ಮೊದಲ ವರ್ಷಗಳಲ್ಲಿ ತೈಲ ತನ್ನ ಒತ್ತಡದಿಂದಲೇ ಮೇಲೆ ಬರುವುದುಂಟು. ಆಮೇಲೆ ಒತ್ತಡ ಕುಸಿಯುತ್ತದೆ, ಎಣ್ಣೆಯ ಜೊತೆ ನೀರು ಹೆಚ್ಚುತ್ತ ಹೋಗುತ್ತದೆ. ಹಳೆಯ ಬಾವಿಗಳಲ್ಲಿ ಮೇಲೆ ಬರುವುದರಲ್ಲಿ ಎಣ್ಣೆಗಿಂತ ಉಪ್ಪುನೀರೇ ಜಾಸ್ತಿ. ಆಗ ಎತ್ತಿ ಕೊಡಬೇಕಾಗುತ್ತದೆ. ಮುಂಬಯಿಯವರಾದ ನಮಗೆಲ್ಲ ಪರಿಚಿತವಾದ ಮುಂಬಯಿ ಹೈ ಕ್ಷೇತ್ರದಲ್ಲಿ (1974ರಲ್ಲಿ ಸಾಗರ ಸಾಮ್ರಾಟ ಅಲ್ಲಿ ತೈಲ ಕಂಡುಹಿಡಿಯಿತು, 1976ರಲ್ಲಿ ಉತ್ಪಾದನೆ ಶುರುವಾಯಿತು) ಮುಖ್ಯವಾಗಿ ಬಾವಿಯೊಳಕ್ಕೆ ಅನಿಲವನ್ನು ಊದಿ ದ್ರವವನ್ನು ಹಗುರ ಮಾಡಿ ಮೇಲೆತ್ತುತ್ತಾರೆ. ಅಲ್ಲಿಯ ಮುಖ್ಯ ತೈಲಪದರ ಸುಣ್ಣಕಲ್ಲು. ತೈಲಪದರ ಮರಳುಕಲ್ಲಾಗಿರುವ ಕಡೆ ಕಥೆ ಬೇರೆ. ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ 2004ರಲ್ಲಿ ಪತ್ತೆಯಾಗಿ 2009ರಲ್ಲಿ ಉತ್ಪಾದನೆ ಆರಂಭಿಸಿದ ಮಂಗಳಾ ಕ್ಷೇತ್ರ ಅಂಥದ್ದು. ಅಲ್ಲಿ ವಿದ್ಯುತ್ತಿನಿಂದ ಓಡುವ ಮುಳುಗು ಪಂಪುಗಳೂ ಬಳಕೆಯಲ್ಲಿವೆ. ಪಶ್ಚಿಮ ಸೈಬೀರಿಯಾದಲ್ಲಂತೂ ಬಹುಪಾಲು ತೈಲ ಇಂಥ ಪಂಪುಗಳಿಂದಲೇ ಮೇಲೆ ಬರುತ್ತದೆ.

ಈ ಮುಳುಗು ಪಂಪಿನ ಜನಕ ಅರ್ಮಾಯಿಸ್ ಅರುತುನಾಫ್. 1893ರಲ್ಲಿ ಟಿಫ್ಲಿಸ್ ನಗರದಲ್ಲಿ, ಅಂದರೆ ಇಂದಿನ ಜಾರ್ಜಿಯಾದ ಟಿಬಿಲಿಸಿಯಲ್ಲಿ ಹುಟ್ಟಿದ ಆರ್ಮೀನಿಯನ್. ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಬರ್ಲಿನ್ನಿಗೆ, ಅಲ್ಲಿಂದ 1923ರಲ್ಲಿ ಅಮೆರಿಕಕ್ಕೆ ಹೋದರು. ಬಾವಿಯ ತಳದಲ್ಲೇ, ದ್ರವದಲ್ಲಿ ಮುಳುಗಿಕೊಂಡೇ ವಿದ್ಯುತ್ ಮೋಟರು ಓಡಿಸುವುದು ಅವರ ಯೋಚನೆ. ಓಕ್ಲಹಾಮಾ ರಾಜ್ಯದ ಬಾರ್ಟಲ್ಸ್‌ವಿಲ್ ಎಂಬ ತೈಲದ ಊರಿನಲ್ಲಿ ಅದಕ್ಕೆ ಆಶ್ರಯ ಸಿಕ್ಕಿತು. 1920ರ ದಶಕದ ಕೊನೆಯಲ್ಲಿ ನೆರೆಯ ಕ್ಯಾನ್ಸಸ್‌ನ ಎಲ್‌ಡೊರಾಡೊ ಕ್ಷೇತ್ರದ ಬಾವಿಯಲ್ಲಿ ಪಂಪು ಓಡಿತು. 1930ರಲ್ಲಿ ಅವರ ಕಂಪೆನಿಗೆ 'ರೆಡಾ' ಎಂಬ ಹೆಸರು ಬಂತು. ಅರುತುನಾಫ್ 1978ರಲ್ಲಿ ತೀರಿಕೊಂಡರು. ಇಂದು ನಮ್ಮ ಹಳ್ಳಿಗಳಲ್ಲಿ 'ಸಬ್‌ಮರ್ಸಿಬಲ್' ಎಂದು ಎಲ್ಲರ ಬಾಯಲ್ಲೂ ಓಡಾಡುವ ಯಂತ್ರ ಅದೇ ಬಳಗದ್ದು.

ಆ ಪಂಪಿನ ಆಕಾರವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬಾವಿಯ ಕೊಳವೆ ಗೇಣಗಲಕ್ಕಿಂತ ಕಿರಿದು. ಆದ್ದರಿಂದ ಎಲ್ಲವನ್ನೂ ಉದ್ದಕ್ಕೇ ಕಟ್ಟಬೇಕು. ತಳದಲ್ಲಿ ಕಬ್ಬಿನ ಜಲ್ಲೆಯಂತೆ ನೀಳವಾದ ಮೋಟರು, ಅದರ ಹೊಟ್ಟೆ ತುಂಬ ಶುದ್ಧ ಎಣ್ಣೆ. ಅದರ ಮೇಲೆ ಬಾವಿಯ ನೀರು ಮೋಟರಿನೊಳಗೆ ಹೋಗದಂತೆ ಕಾಯುವ ಸೀಲಿನ ಭಾಗ. ಅದರ ಮೇಲೆ ಪಂಪು. ಪಂಪು ಎಂದರೆ ಒಂದರ ಮೇಲೊಂದು ಪೇರಿಸಿದ ನೂರಾರು ಹಂತಗಳು. ಪ್ರತಿ ಹಂತದಲ್ಲೂ ತಿರುಗುವ ಒಂದು ಚಕ್ರ, ತಿರುಗದ ಒಂದು ಬಟ್ಟಲು. ಒಂದು ಹಂತ ದ್ರವವನ್ನು ಕೆಲವೇ ಮೀಟರು ಎತ್ತಬಲ್ಲದು. ಕಿಲೋಮೀಟರುಗಟ್ಟಲೆ ಎತ್ತಬೇಕಾದಾಗ ಇನ್ನೂರು ಮುನ್ನೂರು ಹಂತ ಬೇಕು. ಈ ಎಲ್ಲ ಚಕ್ರಗಳನ್ನೂ ಪೋಣಿಸಿರುವುದು ಹೆಬ್ಬೆರಳಿನ ದಪ್ಪದ, ಹಲವು ಮೀಟರು ಉದ್ದದ ಉಕ್ಕಿನ ಅಥವಾ ನಿಕ್ಕಲ್ ಮಿಶ್ರಲೋಹದ ಒಂದು ದಂಡಕ್ಕೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. ಹಗಲು ರಾತ್ರಿ ನಿಲ್ಲದೆ ಓಡಿದರೆ ವರ್ಷಕ್ಕೆ 150 ಕೋಟಿಗೂ ಮೀರಿದ ಸುತ್ತುಗಳು.

ಹೆಬ್ಬೆರಳಿನ ದಪ್ಪ, ಹಲವು ಮೀಟರು ಉದ್ದ ಎಂದಾಗ ನಿಮಗೆ ಬಳುಕುವ ಬಿದಿರಿನ ಕೋಲು ನೆನಪಾದರೆ ಸರಿಯಾಗಿಯೇ ಇದೆ. ಅದನ್ನು ನೆಟ್ಟಗೆ ನಿಲ್ಲಿಸುವುದು ನಡುನಡುವೆ ಇರುವ ಬೇರಿಂಗುಗಳು. ಬೇರಿಂಗು ಎಂದೊಡನೆ ಸೈಕಲ್ಲಿನ ಗುಂಡುಗಳನ್ನು ನೆನೆಯಬೇಡಿ. ಗುಂಡಿನ ಬೇರಿಂಗಿಗೆ ಶುದ್ಧ ಎಣ್ಣೆ ಬೇಕು, ಧೂಳಿನ ಕಣವೂ ಸೋಕಬಾರದು. ಪಂಪಿನ ಒಳಗೆ ಇರುವುದು ಬಾವಿಯ ಕೊಳಕು ದ್ರವವೇ. ಅಲ್ಲಿರುವುದು ಬಳೆಯೊಳಗೊಂದು ಬಳೆ, ಅಷ್ಟೆ. ದಂಡಕ್ಕೆ ತೊಡಿಸಿದ ಒಳಬಳೆ ತಿರುಗುತ್ತದೆ, ಬಟ್ಟಲಿಗೆ ಕೂರಿಸಿದ ಹೊರಬಳೆ ನಿಂತಿರುತ್ತದೆ. ನಡುವೆ ಒಂದೆರಡು ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ತುಂಬಿಕೊಂಡ ದ್ರವವೇ ಎರಡನ್ನೂ ಬೇರ್ಪಡಿಸುವ ಮೆತ್ತೆ. ಎತ್ತಿನ ಗಾಡಿಯ ಅಚ್ಚಿಗೂ ಗಾಲಿಯ ನಡುವಿನ ಕಬ್ಬಿಣದ ಬಳೆಗೂ ಇರುವ ಸಂಬಂಧವೇ ಇದು. ವ್ಯತ್ಯಾಸವೆಂದರೆ ಗಾಡಿಗೆ ಕೀಲೆಣ್ಣೆ ಹಾಕುವವನೊಬ್ಬ ಇರುತ್ತಾನೆ. ಎರಡು ಕಿಲೋಮೀಟರು ಕೆಳಗೆ ಯಾರು ಹೋಗಿ ಹಾಕಬೇಕು?

ಬಾವಿಯ ದ್ರವವೇ ಕೀಲೆಣ್ಣೆ ಎಂದೆ. ಆದರೆ ಅದು ಎಂಥ ಕೀಲೆಣ್ಣೆ? ಹೆಚ್ಚಾಗಿ ಬಿಸಿ ಉಪ್ಪುನೀರು. 100 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿದ್ದುದರ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಅಂದರೆ ಮೆತ್ತೆ ತೆಳುವಾಗುತ್ತ ಹೋಗುತ್ತದೆ. ಅದರ ಮೇಲೆ ಮರಳು! ಮರಳುಕಲ್ಲಿನ ಪದರದಿಂದ ಎಣ್ಣೆ ಎಳೆದಂತೆ ಕಣಗಳೂ ಸಡಿಲವಾಗಿ ಜೊತೆಗೆ ಬರುತ್ತವೆ. ಸಂದಿಗಿಂತ ದೊಡ್ಡ ಕಣ ಹೊರಗೇ ಉಳಿದೀತು; ತೀರಾ ನುಣುಪಾದದ್ದು ತೇಲಿ ಹೊರಟುಹೋದೀತು. ನಡುವಿನ ಅಳತೆಯದು ಮಾತ್ರ ಒಳಹೊಕ್ಕು, ಬೀಸುವ ಕಲ್ಲಿಗೆ ಸಿಕ್ಕ ರಾಗಿಯಂತೆ ಅರೆಯಲ್ಪಡುತ್ತದೆ. ಆದರೆ ಇಲ್ಲಿ ಸವೆಯುವುದು ರಾಗಿಯಲ್ಲ, ಕಲ್ಲು.

ಸವೆದರೆ ಏನಾಯಿತು, ಸಂದು ಸ್ವಲ್ಪ ಹಿಗ್ಗಿದರೆ ಏನು ಮುಳುಗಿತು ಎನ್ನಬಹುದು. ಒಂದು ಬಳೆ ಸವೆದು ಕೆಲಸ ಬಿಟ್ಟಿತು ಅನ್ನಿ. ಅದರ ಎರಡೂ ಪಕ್ಕದ ಆಸರೆಗಳ ನಡುವಿನ ಅಂತರ ಈಗ ಇಮ್ಮಡಿಯಾಯಿತು. ಅಷ್ಟೇ ಬಲಕ್ಕೆ ದಂಡ ಬಾಗುವುದು ಇಮ್ಮಡಿಯಲ್ಲ, ಎಂಟು ಪಟ್ಟು. ಬಾಗಿದ ದಂಡ ಹಗ್ಗದಾಟದ ಹಗ್ಗದಂತೆ ಬೀಸಿ ಸುತ್ತತೊಡಗುತ್ತದೆ, ಪಕ್ಕದ ಬಳೆಗಳನ್ನೂ ತಿನ್ನುತ್ತದೆ. ಆ ಅದುರಾಟ ದಂಡದುದ್ದಕ್ಕೂ ಇಳಿದು ಸೀಲಿಗೆ ಮುಟ್ಟುತ್ತದೆ. ಸೀಲಿನ ನುಣುಪು ಮುಖಗಳು ಒಂದಕ್ಕೊಂದು ಅಂಟಿ ನಿಲ್ಲಲಾರದೆ ಬಾಯಿಬಿಡುತ್ತವೆ. ಉಪ್ಪುನೀರು ತೊಟ್ಟುತೊಟ್ಟಾಗಿ ಮೋಟರಿನ ಎಣ್ಣೆಗೆ ಇಳಿಯುತ್ತದೆ. ಸಾವಿರಾರು ವೋಲ್ಟು ಹರಿಯುವ ಸುರುಳಿಗೆ ಉಪ್ಪುನೀರು ಸೋಕಿದರೆ ಆಗುವುದು ಒಂದೇ. ಮೇಲೆ ಕೂತವನಿಗೆ ಕಾಣುವುದು ಫ್ಯೂಸು ಹಾರಿದ್ದು. ವರದಿಯಲ್ಲಿ 'ಮೋಟರು ಸುಟ್ಟಿದೆ' ಎಂದು ಬರೆಯುತ್ತಾನೆ. ಬರೆದದ್ದು ಸುಳ್ಳಲ್ಲ, ಆದರೆ ಮನೆಗೆ ಬೆಂಕಿ ಬಿದ್ದದ್ದನ್ನು ಬರೆದು ಬೆಂಕಿ ಹಚ್ಚಿದವನನ್ನು ಬಿಟ್ಟಂತೆ.

ನಾನು ಮೇಲೆ ಹೇಳಿದ ಬಾವಿಯದು ಇದೇ ಕಥೆ. 1990ರ ದಶಕದ ಆರಂಭದ ಮಾತು. ಪಶ್ಚಿಮ ಭಾರತದ ಒಂದು ತೈಲಕ್ಷೇತ್ರ, ಹೆಸರು ಬೇಡ. ಒಂದೇ ಬಾವಿಯಲ್ಲಿ ಒಂದರ ಹಿಂದೊಂದು ಎರಡು ಮೋಟರು ಸುಟ್ಟಿದ್ದವು. ಎರಡು ಬಾರಿಯೂ ರಿಗ್ಗು ತರಿಸಿ, ಕೊಳವೆ ಎಳೆದು, ಮೋಟರು ಬದಲಿಸಿ, ಅದೇ ಪಂಪನ್ನು ತೊಳೆದು ಮತ್ತೆ ಇಳಿಸಿದ್ದರು. ಮೂರನೆಯ ಮೋಟರು ಸುಟ್ಟಾಗ ಅಧಿಕಾರಿಗಳ ಸಹನೆ ಮುಗಿಯಿತು. ಪಾಳಿಯ ಎಲೆಕ್ಟ್ರೀಷಿಯನ್ ಒಬ್ಬರ ಮೇಲೆ ಗೂಬೆ ಕೂತಿತು. ಹೆಚ್ಚು ಕರೆಂಟು ಹರಿದಾಗ ಮೋಟರನ್ನು ನಿಲ್ಲಿಸುವ ರಿಲೇಯನ್ನು ಅವರು ಬೇಕೆಂದಕ್ಕಿಂತ ಮೇಲಕ್ಕೆ ತಿರುಗಿಸಿಟ್ಟಿದ್ದರು, ಅದರಿಂದಲೇ ಸುಟ್ಟಿತು ಎಂದು ಮೆಮೊ ಕೊಟ್ಟರು. ಗದಗದ ಕಡೆಯ ಆ ಮನುಷ್ಯ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಇನ್‌ಕ್ರಿಮೆಂಟು ನಿಂತಿತ್ತು, ವಿಚಾರಣೆ ನಡೆಯುವುದಿತ್ತು. ಪಂಪು ನಾವಿದ್ದ ಠಾಣೆ ಕಡೆಯ ಕಾರ್ಖಾನೆಗೆ ಬಂದಾಗ ಅವರೂ ಸ್ವಂತ ಖರ್ಚಿನಲ್ಲಿ ರೈಲು ಹತ್ತಿ ಬಂದಿದ್ದರು. ನನ್ನ ಮಾತಿನಲ್ಲಿ ಕನ್ನಡದ ಎಳೆ ಕೇಳಿದ್ದೇ ತಡ, "ಸಾಹೇಬ್ರ, ಒಂದ್ಸಲ ಪಂಪನ್ನೂ ಬಿಚ್ಚಿ ನೋಡ್ರಿ, ಬರೇ ಮೋಟರಲ್ಲ" ಎಂದರು. ನಿಜ ಹೇಳುತ್ತೇನೆ, ಅವರು ಕೇಳದಿದ್ದರೆ ನಾನೂ ಪಂಪನ್ನು ಬಿಚ್ಚುತ್ತಿರಲಿಲ್ಲ. ಕೆಲಸದ ಚೀಟಿಯಲ್ಲಿ ಇದ್ದುದು ಮೋಟರಿನ ಸುರುಳಿ ಕಟ್ಟುವುದು ಮಾತ್ರ.

ಏನು ಕಂಡಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮರಳಿನ ಈ ಕಾಟಕ್ಕೆ ಮದ್ದೇನು ಎಂಬುದನ್ನು ಮೊದಲು ನೋಡೋಣ.

ಮದ್ದು ಎರಡು ಬಗೆ. ಒಂದು, ಮರಳಿಗೆ ಬಾಗಿ ದಾರಿ ಬಿಡುವುದು. ಇನ್ನೊಂದು, ಮರಳಿಗಿಂತ ಗಟ್ಟಿಯಾಗಿ ನಿಲ್ಲುವುದು. ಊರಿನ ಕೊಳವೆಬಾವಿಯ ಪಂಪು ಮೊದಲ ದಾರಿ ಹಿಡಿದದ್ದು. ಅದರ ಹೊರಬಳೆ ಹೆಚ್ಚಾಗಿ ರಬ್ಬರಿನದು, ಒಳಮೈಯಲ್ಲಿ ಉದ್ದುದ್ದ ತೋಡುಗಳಿರುತ್ತವೆ. ಕಣ ಒತ್ತಿದರೆ ರಬ್ಬರು ತಗ್ಗುತ್ತದೆ, ಕಣ ಹೊರಳಿ ತೋಡಿಗೆ ಬಿದ್ದು ನೀರಿನ ಜೊತೆ ಹೋಗುತ್ತದೆ. ಹಡಗಿನ ಪ್ರೊಪೆಲ್ಲರ್ ದಂಡಕ್ಕೂ ಇದೇ ಉಪಾಯ. (ಬಾವಿ ಬತ್ತಿದಾಗ ಪಂಪು ಒಣ ಓಡಬಾರದು ಎನ್ನುವುದು ಇದಕ್ಕೇ. ನೀರೇ ಅಲ್ಲಿ ಕೀಲೆಣ್ಣೆ. ಅದಿಲ್ಲದೆ ರಬ್ಬರು ಕೆಲವೇ ನಿಮಿಷಗಳಲ್ಲಿ ಬೆಂದುಹೋಗುತ್ತದೆ.) ತೈಲಬಾವಿಯಲ್ಲೂ ರಬ್ಬರನ್ನು ಬಳಸಿದ್ದುಂಟು. ಆದರೆ ಬಿಸಿ ಎಣ್ಣೆ ಕುಡಿದು ರಬ್ಬರು ಉಬ್ಬುತ್ತದೆ, ಸಂದು ಮುಚ್ಚಿ ದಂಡವನ್ನೇ ಹಿಡಿದುಕೊಳ್ಳುತ್ತದೆ. ಒತ್ತಡದಲ್ಲಿ ಅದರೊಳಗೆ ಸೇರಿಕೊಂಡ ಅನಿಲ, ಒತ್ತಡ ಥಟ್ಟನೆ ಇಳಿದಾಗ ಒಳಗಿನಿಂದಲೇ ಅದನ್ನು ಸೀಳುತ್ತದೆ.

ಉಳಿದದ್ದು ಎರಡನೆಯ ದಾರಿ. ಮರಳು ಎಂದರೆ ಸ್ಫಟಿಕಶಿಲೆಯ ಪುಡಿ. ವಿಕರ್ಸ್ ಮಾಪನದಲ್ಲಿ ಅದರ ಗಡಸುತನ ಸುಮಾರು 1,100. ಪಂಪಿನ ಚಕ್ರ ಎರಕಹೊಯ್ಯುವ ನಿಕ್ಕಲ್ ಬೆರೆತ ಬೀಡುಕಬ್ಬಿಣದ್ದು ಸುಮಾರು 150; ಕಂಚಿನದು ಅದರ ಆಸುಪಾಸು. ಪಾಪ, ಮರಳಿನೆದುರು ಬೆಣ್ಣೆ! ಟಂಗ್‌ಸ್ಟನ್ ಕಾರ್ಬೈಡಿನದು 1,300ರಿಂದ 1,600. ಸಿಲಿಕಾನ್ ಕಾರ್ಬೈಡಿನದು 2,500ರ ಸುತ್ತಮುತ್ತ. ತನಗಿಂತ ಗಟ್ಟಿಯಾದದ್ದನ್ನು ಮರಳು ಗೀರಲಾರದು. ಕಣ ಸಂದಿನೊಳಕ್ಕೆ ಬಂದರೆ ಪುಡಿಯಾಗುವುದು ಕಣವೇ. ಬೀಸುವ ಕಲ್ಲು ಮತ್ತೆ ಬೀಸುವ ಕಲ್ಲಾಯಿತು ಅನ್ನಿ.

ಈ ಎರಡು ವಸ್ತುಗಳೂ ಪಂಪಿಗಾಗಿ ಹುಟ್ಟಿದವಲ್ಲ. ಸಿಲಿಕಾನ್ ಕಾರ್ಬೈಡು 1890ರ ದಶಕದ ಆರಂಭದಲ್ಲಿ, ಕೃತಕ ವಜ್ರ ಮಾಡಹೊರಟ ಎಡ್ವರ್ಡ್ ಅಚೆಸನ್ ಎಂಬ ಅಮೆರಿಕನ್ನನಿಗೆ ದಕ್ಕಿದ್ದು. ನಮ್ಮ ಕಾರ್ಖಾನೆಗಳ ಸಾಣೆಚಕ್ರದ ಕಾರ್ಬೊರಂಡಮ್ ಅದೇ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನಿಂದ ಬೆಸೆದು ಗಟ್ಟಿ ಮಾಡುವ ವಿದ್ಯೆ 1923ರಲ್ಲಿ ಬರ್ಲಿನ್ನಿನ ಒಂದು ಬಲ್ಬಿನ ಕಂಪೆನಿಯಲ್ಲಿ ಕಾರ್ಲ್ ಶ್ರೋಟರ್ ಅವರಿಗೆ ಒಲಿದದ್ದು. ಬಲ್ಬಿನ ತಂತಿ ಎಳೆಯುವ ಅಚ್ಚಿಗಾಗಿ. ಕ್ರುಪ್ ಕಂಪೆನಿ ಅದನ್ನು 'ವಿಡಿಯಾ' ಎಂಬ ಹೆಸರಿನಲ್ಲಿ ಮಾರಿತು. ಜರ್ಮನ್ನಿನಲ್ಲಿ 'ವಜ್ರದಂತೆ' ಎಂಬ ಮಾತಿನ ಸಂಕ್ಷೇಪ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಓಡಾಡಿದವರಿಗೆ ಈ ಹೆಸರು ಹೊಸದಲ್ಲ. ವಿಡಿಯಾ ಇಂಡಿಯಾ ಕಾರ್ಖಾನೆ 1960ರ ದಶಕದಿಂದ ಅಲ್ಲಿದೆ. ಈಗ ಹೆಸರು ಕೆನ್ನಾಮೆಟಲ್ ಎಂದಾಗಿದೆ. ಗೋಡೆಗೆ ತೂತು ಹಾಕುವವನು ಇಂದಿಗೂ 'ವಿಡಿಯಾ ಬಿಟ್ಟು' ಎಂದೇ ಕೇಳುತ್ತಾನೆ.

ಹಾಗಾದರೆ ಎಲ್ಲ ಬಳೆಗಳನ್ನೂ ಕಾರ್ಬೈಡಿನಲ್ಲಿ ಮಾಡಿಬಿಟ್ಟರೆ ಮುಗಿಯಿತಲ್ಲ? ಮುಗಿಯಲಿಲ್ಲ. ಗಟ್ಟಿಯಾದದ್ದು ಪೆಡಸೂ ಹೌದು. ಗಾಜಿನ ಬಳೆಯಂತೆ ಒತ್ತಿದರೆ ತಾಳುತ್ತದೆ, ಹಿಗ್ಗಿಸಿದರೆ ಒಡೆಯುತ್ತದೆ. ಇಲ್ಲಿ ಶಾಖದ ಚೇಷ್ಟೆಯೂ ಸೇರುತ್ತದೆ. ಒಂದೇ ಬಿಸಿಗೆ ಲೋಹ ಹಿಗ್ಗುವಷ್ಟು ಕಾರ್ಬೈಡು ಹಿಗ್ಗುವುದಿಲ್ಲ. ಅರ್ಧ, ಕೆಲವೊಮ್ಮೆ ಅದಕ್ಕೂ ಕಡಿಮೆ. ಒಳಬಳೆಯನ್ನು ದಂಡಕ್ಕೆ ಬಿಗಿಯಾಗಿ ತೊಡಿಸಿದಿರೋ, ಬಾವಿಯ ಬಿಸಿಗೆ ದಂಡ ಉಬ್ಬಿ ಬಳೆಯನ್ನು ಸೀಳುತ್ತದೆ. ಹೊರಬಳೆಯದು ತದ್ವಿರುದ್ಧ. ಅದನ್ನು ಹಿಡಿದ ಲೋಹದ ಗೂಡು ಹಿಗ್ಗಿ, ಬಳೆ ಸಡಿಲವಾಗಿ ಕಳಚಿಕೊಳ್ಳುತ್ತದೆ. ಹೀಗಾಗಿ ಒಳಬಳೆಯನ್ನು ಸಡಿಲವಾಗಿ ತೊಡಿಸಿ, ತಿರುಗಲು ಮಾತ್ರ ಒಂದು ಚಾವಿ ಕೊಟ್ಟು ಬಿಡುತ್ತಾರೆ. ಹೊರಬಳೆಯನ್ನು ಗೂಡನ್ನು ಕಾಯಿಸಿ ಬಿಗಿಯಾಗಿ ಕೂರಿಸುತ್ತಾರೆ. ಕೆಲವರು ರಬ್ಬರಿನ ಉಂಗುರಗಳ ಮೇಲೆ ಕೂರಿಸಿ, ದಂಡ ತುಸು ವಾಲಿದರೆ ಬಳೆಯೂ ಜೊತೆಗೆ ವಾಲುವಂತೆ ಮಾಡುತ್ತಾರೆ. ಕೆನಡಾದ ಆಲ್ಬರ್ಟಾದಲ್ಲಿ ಹಬೆ ನುಗ್ಗಿಸಿ ಡಾಂಬರಿನಂಥ ತೈಲ ಕರಗಿಸುವ ಬಾವಿಗಳಲ್ಲಿ ಪಂಪುಗಳು 200 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಓಡಬೇಕು. ಅಲ್ಲಿ ಬಳೆಯನ್ನು ಕೂರಿಸುವ ಲೆಕ್ಕ ಬಳೆಯ ಗಡಸಿಗಿಂತ ದೊಡ್ಡ ವಿಷಯ.

ಇನ್ನೊಂದು ಸೂಕ್ಷ್ಮ. ಟಂಗ್‌ಸ್ಟನ್ ಕಾರ್ಬೈಡಿನ ಕಣಗಳನ್ನು ಬೆಸೆದಿರುವ ಕೋಬಾಲ್ಟು ಆಮ್ಲಕ್ಕೆ ಕರಗುತ್ತದೆ. ಬಾವಿಯ ನೀರಿನಲ್ಲಿ ಇಂಗಾಲಾಮ್ಲ ಅನಿಲ ಕರಗಿರುವುದು ಸಾಮಾನ್ಯ. ಗಾರೆ ಕರಗಿದ ಗೋಡೆಯ ಇಟ್ಟಿಗೆಗಳಂತೆ ಕಣಗಳು ಉದುರಿಹೋಗುತ್ತವೆ. ಅಂಥ ಕಡೆ ಕೋಬಾಲ್ಟಿನ ಬದಲು ನಿಕ್ಕಲ್ ಬೆಸುಗೆಯದನ್ನು ಬಳಸುತ್ತಾರೆ. ಮತ್ತೆ, ಬಂಡೆಯನ್ನು ಒತ್ತಡದಿಂದ ಬಿರಿಸಿ ಬಿರುಕುಗಳಲ್ಲಿ ತುಂಬುವ ಗುಂಡುಗಳ ಸಮಸ್ಯೆ ಬೇರೆ. ಅವುಗಳಲ್ಲಿ ಕೆಲವು ಮರಳಲ್ಲ, ಬಾಕ್ಸೈಟು ಸುಟ್ಟು ಮಾಡಿದ ಸೆರಾಮಿಕ್. ಅವು ಮರಳಿಗಿಂತ ಗಟ್ಟಿ. ಬಾವಿಯಿಂದ ವಾಪಸು ಬಂದವೆಂದರೆ ಟಂಗ್‌ಸ್ಟನ್ ಕಾರ್ಬೈಡಿಗೂ ಬೆವರು ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಮಾತ್ರ ಬಾವಿಯಲ್ಲಿಲ್ಲ, ಟೆಂಡರಿನ ಕಾಗದದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗಟ್ಟಿಬಳೆ ಹಾಕಿದ ಪಂಪಿನ ಬೆಲೆ ಹೆಚ್ಚು. ಎಷ್ಟು ಹಂತಕ್ಕೊಂದರಂತೆ ಬಳೆ ಬೇಕು ಎಂದು ಕೊಳ್ಳುವವನು ಬರೆಯದಿದ್ದರೆ, ಮಾರುವವನು ದಂಡದ ತಲೆಗೊಂದು ಬುಡಕ್ಕೊಂದು ಹಾಕಿ 'ಸವೆತ ನಿರೋಧಕ ಪಂಪು' ಎಂದು ಕೊಟ್ಟುಬಿಡಬಹುದು. ಆದರೆ ತುದಿಗಳಲ್ಲಿ ಮಾತ್ರ ಗಟ್ಟಿಯಾಗಿ ಹಿಡಿದ ಬಿದಿರು ನಡುವೆ ಬಳುಕದೇ ಇದ್ದೀತೇ? ಅಗ್ಗದ ಪಂಪು ಕೊಂಡ ಉಳಿತಾಯವನ್ನು ಒಂದು ಸಲ ರಿಗ್ಗು ತರಿಸಿದ ಖರ್ಚು ನುಂಗಿಹಾಕುತ್ತದೆ. ಆ ಖರ್ಚು ಬೇರೆ ಇಲಾಖೆಯ ಲೆಕ್ಕಕ್ಕೆ ಹೋಗುವುದರಿಂದ ಕೊಂಡವನ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ನಮ್ಮ ಎಲೆಕ್ಟ್ರೀಷಿಯನ್ನರ ಪಂಪಿಗೆ ಬರೋಣ. ಒಳಗೆ ಇದ್ದುದು ಮಾಮೂಲು ಬಳೆಗಳು. ನಡುಭಾಗದ ಕೆಲವು ಹಂತಗಳಲ್ಲಿ ಹೊರಬಳೆ ಸುತ್ತಲೂ ಒಂದೇ ಸಮನಾಗಿ ಸವೆದು ಅಗಲವಾಗಿತ್ತು. ದಂಡದ ಮೇಲಿನ ಒಳಬಳೆ ಮಾತ್ರ ಒಂದೇ ಮಗ್ಗುಲಲ್ಲಿ, ಬಿದಿಗೆಯ ಚಂದ್ರನಂತೆ ತೆಳುವಾಗಿ ಉಳಿದಿತ್ತು. ಇದರ ಅರ್ಥ ಬಲ್ಲವರಿಗೆ ಸ್ಪಷ್ಟ. ದಂಡ ತನ್ನ ಒಂದೇ ಮಗ್ಗುಲನ್ನು ಹೊರಗೆ ಮಾಡಿಕೊಂಡು, ಹಗ್ಗದಂತೆ ಬೀಸುತ್ತ ತಿರುಗುತ್ತಿತ್ತು. ನೆಟ್ಟಗೆ ತಿರುಗುವ ದಂಡ ಒಂದೇ ಕಡೆಗೆ ಒರಗಿದ್ದರೆ ಸವೆತ ತಿರುವುಮುರುವಾಗಿ, ಒಳಬಳೆ ಸುತ್ತಲೂ ಹೊರಬಳೆ ಒಂದೇ ಕಡೆ ಸವೆಯುತ್ತಿತ್ತು. ಸೀಲಿನ ಕೋಣೆಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದೆವು. ಎಲ್ಲದರಲ್ಲೂ ಉಪ್ಪುನೀರು, ತಳದಲ್ಲಿ ಮರಳಿನ ಗಸಿ. ಮೋಟರಿನ ಸುರುಳಿ ಉದ್ದಕ್ಕೂ ಕರಕಲಾಗಿರಲಿಲ್ಲ; ನೀರು ಸೇರಿದ ಒಂದು ಕಡೆ ಮಾತ್ರ ಸಿಡಿದು ಕರಗಿತ್ತು. ಹೆಚ್ಚು ಕರೆಂಟು ಹರಿದು ಬೆಂದ ಸುರುಳಿ ಹಾಗೆ ಕಾಣುವುದಿಲ್ಲ.

ಹೀಗೆ ಬಿಚ್ಚಿ ನೋಡಿ ಏನೇನು ಬರೆದಿಡಬೇಕು ಎಂಬುದಕ್ಕೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಶಿಫಾರಸು ಪುಸ್ತಿಕೆಯೇ ಇದೆ, 11ಎಸ್1 ಎಂದು ಅದರ ಸಂಖ್ಯೆ. ಅಂದು ನಮ್ಮ ಬಳಿ ಅದಿರಲಿಲ್ಲ. ವರ್ನಿಯರಿನಲ್ಲಿ ಅಳೆದು, ಪ್ರತಿ ಹಂತದ ಬಳೆಯ ಅಳತೆಯನ್ನು ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಬರೆದೆವು. ಎಲೆಕ್ಟ್ರೀಷಿಯನ್ ಸಂಖ್ಯೆ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಸಂಜೆಯಾಯಿತು. ವರದಿಯ ಕೊನೆಗೆ ಎರಡು ಸಾಲು ಸೇರಿಸಿದೆ: ಮೋಟರು ಸುಟ್ಟದ್ದಕ್ಕೆ ಮೂಲ ಕಾರಣ ಪಂಪಿನ ಬೇರಿಂಗುಗಳ ಸವೆತ, ಮುಂದಿನ ಪಂಪಿಗೆ ನಡುಭಾಗದಲ್ಲೂ ಕೆಲವು ಹಂತಗಳಿಗೊಂದರಂತೆ ಕಾರ್ಬೈಡ್ ಬೇರಿಂಗು ಬೇಕು.

ಎರಡನೆಯ ಸಾಲನ್ನು ಅವರು ಕೂಡಲೇ ಒಪ್ಪಲಿಲ್ಲ. ಇನ್ನೂ ಒಂದು ಮೋಟರು ಸುಟ್ಟ ಮೇಲೆ ಒಪ್ಪಿದರು. ಮೊದಲನೆಯ ಸಾಲಿನ ಬಲದಿಂದ ಮೆಮೊ ವಾಪಸಾಯಿತು, ನಿಂತಿದ್ದ ಇನ್‌ಕ್ರಿಮೆಂಟು ಹನ್ನೊಂದು ತಿಂಗಳ ಬಳಿಕ ಬಂತು. ಆ ವರ್ಷದ ದೀಪಾವಳಿಗೆ ಗದಗದಿಂದ ಒಂದು ಪಾರ್ಸೆಲ್ಲು ಬಂದಿತ್ತು. ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ, ಜೊತೆಗೆ ಹಳೆಯ ಕಾಗದದಲ್ಲಿ ಸುತ್ತಿದ, ಒಂದು ಮಗ್ಗುಲು ತೆಳುವಾದ ಆ ಬಳೆ. ಬಿಚ್ಚಿದ ದಿನ ಅದನ್ನು ಅವರು ಜೇಬಿಗೆ ಹಾಕಿಕೊಂಡದ್ದು ನನಗೆ ಗೊತ್ತೇ ಆಗಿರಲಿಲ್ಲ.